ರಾಹುಕಾಲ ಕಳೆದು ಇಪ್ಪತ್ತು ನಿಮಿಷ

ನೂರಾ ಹದಿನೆಂಟು!

ವೇಗಸೂಚಿಯ ಮುಳ್ಳು ಅಲ್ಲಿ ನಿಂತು ನಡುಗುತ್ತಿತ್ತು. ನಾನು ನಡುಗುತ್ತಿರಲಿಲ್ಲ ಎಂದರೆ ತಾವು ನಂಬಲಾರಿರಿ. ಆದ್ದರಿಂದ ನಿಜವನ್ನೇ ಹೇಳಿಬಿಡುತ್ತೇನೆ. ನಾನೂ ನಡುಗುತ್ತಿದ್ದೆ. ಮುಖ ಮಾತ್ರ ನಿರ್ವಿಕಾರವಾಗಿತ್ತು.

ನನ್ನ ವೃತ್ತಿಯಲ್ಲಿ ಮುಖವೇ ಬಂಡವಾಳ.

ಹುಬ್ಬಳ್ಳಿ–ಧಾರವಾಡ ಬೈಪಾಸ್. ಹೊಚ್ಚಹೊಸ ಕಾರು, ಸೀಟುಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ಬಿಚ್ಚಿಲ್ಲ. ನಾಲ್ಕು ಬಾಗಿಲಿಗೂ ಬೀಗ. ಚಕ್ರ ಹಿಡಿದವನು ಶೋರೂಮಿನ ಡ್ರೈವರ್ ಯಮನೂರಪ್ಪ. ಗರಡಿಯಲ್ಲಿ ಬೆಳೆದ ದೇಹ. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಆರಂಭವಾಗುತ್ತದೆಂದು ಹೇಳುವುದು ಕಷ್ಟ.

"ಬ್ಯಾಗ್ ಕೊಡ್ರಿ ಕಾಕಾ."

"ಯಾವ ಬ್ಯಾಗು?"

"ತೊಡಿ ಮ್ಯಾಲ ಅವಚಿಕೊಂಡೀರಲ್ಲ, ಅದs. ಕೊಟ್ರ ಮುಂದ ಡಾಬಾದಾಗ ಚಾ ಕುಡಿಸಿ ಇಳಸ್ತೇನಿ. ಕೊಡಲಿಲ್ಲಂದ್ರ..."

"ಕೊಡಲಿಲ್ಲಂದ್ರ?"

"ಚಾ ಇಲ್ಲ. ಇಳಸೂದಂತೂ ಇಲ್ಲs ಇಲ್ಲ!"

ಎದುರಿನಿಂದ ಬಂದ ಲಾರಿ ಹಾರ್ನ್ ಕಿರುಚಿಕೊಂಡು ಪಕ್ಕದಲ್ಲೇ ಹಾದುಹೋಯಿತು. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಇನ್ನೂ ನಿರ್ವಿಕಾರ. ಒಳ್ಳೆಯದು.

ನಾನು ಯಾರೆಂದು ಕೇಳಿದಿರಾ? ವರಪ್ರಸಾದ. ವಯಸ್ಸು ಐವತ್ತೆರಡು. ಫೈನಾನ್ಸ್ ಕಂಪನಿಗಳ ಪರವಾಗಿ, ಕಂತು ತಪ್ಪಿದವರ ವಾಹನಗಳನ್ನು ಹದಿನೈದು ವರ್ಷ ಎತ್ತಿ ತಂದೆ. ಒಂದು ದಿನ ಒಬ್ಬ ತಾಯಿ ತನ್ನ ಮಗನ ಆಟೋದ ಮುಂದೆ ಮಲಗಿಬಿಟ್ಟಳು. ಅಂದೇ ಆ ಕೆಲಸ ಬಿಟ್ಟೆ. ಈಗ ಅದೇ ವಿದ್ಯೆಯನ್ನು ತಿರುಗಿಸಿ ಹಿಡಿದಿದ್ದೇನೆ. ಡೀಲರುಗಳು ನುಂಗಿದ್ದನ್ನು ಕಕ್ಕಿಸುವುದು ನನ್ನ ಕಸುಬು.

ಬ್ಯಾಗಿನಲ್ಲಿದ್ದುದು ಸಿಲ್ವಿಯಾ ಟೀಚರ್ ಅವರ ಕಾಗದಗಳು. ಮೂಲ ಬುಕಿಂಗ್ ಫಾರ್ಮು, ಮೂಲ ರಸೀದಿ.

ಸಿಲ್ವಿಯಾ ಕೆಲಗೇರಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಎಡಗಾಲು ಬಾಲ್ಯದಿಂದಲೂ ಶಕ್ತಿಹೀನ. ಹುಬ್ಬಳ್ಳಿಯಿಂದ ದಿನವೂ ಎರಡು ಬಸ್ಸು; ಹತ್ತುವಾಗ ಒಬ್ಬರ ಕೈ, ಇಳಿಯುವಾಗ ಇನ್ನೊಬ್ಬರ ಕೈ. ಅವರಿಗೆ ಬೇಕಿದ್ದದ್ದು ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಕಾರು, ಯಾರ ಕೈಯನ್ನೂ ಬೇಡದ ಒಂದು ದಾರಿ. ಜನವರಿಯಲ್ಲಿ ಕೇಶ್ವಾಪುರದ ಶೋರೂಮಿನಲ್ಲಿ ಒಂದು ಲಕ್ಷ ನಲವತ್ತು ಸಾವಿರ ಮುಂಗಡ ಕಟ್ಟಿದರು. ಏಪ್ರಿಲ್ ತಿಂಗಳಲ್ಲಿ ಶೋರೂಮು ಕೈಯೆತ್ತಿತು. ಆಟೊಮ್ಯಾಟಿಕ್ ಬರೂದಿಲ್ರಿ, ಗೇರಿನ ಗಾಡಿ ಒಯ್ರಿ! ಸಿಲ್ವಿಯಾ ಬುಕಿಂಗ್ ರದ್ದುಪಡಿಸಿ ರಜಿಸ್ಟರ್ ಅಂಚೆಯಲ್ಲಿ ಪತ್ರ ಕಳಿಸಿದರು. ಏಪ್ರಿಲ್ ಇಪ್ಪತ್ತೊಂದು, ಸೋಮವಾರ ಅದು ಶೋರೂಮಿಗೆ ಮುಟ್ಟಿತು.

ಜೂನ್ ಮುಗಿಯುತ್ತ ಬಂದರೂ ಹಣ ಮುಟ್ಟಲಿಲ್ಲ.

ಆ ದಿನ ಗುರುವಾರ. ಮತ್ತೊಂದು ಶೋರೂಮಿನಲ್ಲಿ ಅವರಿಗಾಗಿ ಒಂದೇ ಒಂದು ಆಟೊಮ್ಯಾಟಿಕ್ ಕಾದಿತ್ತು. ಸಾಯಂಕಾಲ ಐದರೊಳಗೆ ಮುಂಗಡ ಕಟ್ಟಬೇಕು. ಇಲ್ಲವಾದರೆ ಅದು ಬೇರೆಯವರ ಪಾಲು. ಮುಂದಿನದು ಯಾವಾಗ ಬಂದೀತೆಂದು ಹೇಳುವವರಿರಲಿಲ್ಲ.

ಮಧ್ಯಾಹ್ನ ನಾನು ಕೇಶ್ವಾಪುರಕ್ಕೆ ಹೋಗಿದ್ದೆ. ಸೇಲ್ಸ್ ಮ್ಯಾನೇಜರ್ ಅಂಬರೀಷ ನಕ್ಕು ಬರಮಾಡಿಕೊಂಡ. ಇಸ್ತ್ರಿ ಮುರಿಯದ ಅಂಗಿ, ಹಣೆಯಲ್ಲಿ ಅಚ್ಚುಕಟ್ಟಾದ ಕುಂಕುಮ, ಮೇಜಿನ ಮೇಲೆ ಪಂಚಾಂಗ.

"ಫಾರ್ಮ್ ಓದ್ರಿ ವರಪ್ರಸಾದ ಅವರ. ಗಿರಾಕಿ ಗಾಡಿ ನೋಡಿ ಒಪ್ಪಿ ಸಹಿ ಮಾಡೂತನಾ ಪೂರಾ ರೊಕ್ಕ ವಾಪಸ್. ಸಹಿ ಮಾಡಿದ ಮ್ಯಾಲ ಒಂದ ಪೈಸಾನೂ ಇಲ್ಲ."

"ಅವ್ರು ಸಹಿ ಮಾಡೇ ಇಲ್ಲಲ್ರಿ?"

ಅವನು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದ. ವಾಹನ ಒಪ್ಪಿಗೆ ಪತ್ರ. ಗ್ರಾಹಕರು ಖುದ್ದಾಗಿ ಬಂದು, ಗೇರಿನ ಕಾರನ್ನು ನೋಡಿ, ಪೂಜೆ ಮಾಡಿಸಿ, ಒಪ್ಪಿದ್ದಾರೆ. ಕೆಳಗೆ ಸಿಲ್ವಿಯಾ ಅವರ ಸಹಿಯಂತಹುದೇ ಒಂದು ಸಹಿ. ದಿನಾಂಕ ಹದಿನೆಂಟು ಏಪ್ರಿಲ್. ವೇಳೆ ಹನ್ನೆರಡು ಇಪ್ಪತ್ತು.

ಪತ್ರ ಮುಟ್ಟುವ ಮೂರು ದಿನ ಮೊದಲು!

"ಕಾಪಿ ಒಯ್ರಿ. ಕೋರ್ಟಿಗೆ ಹೋಗ್ರಿ," ಎಂದ ಅಂಬರೀಷ. ಬಿಲ್ಲಿಂಗ್ ಮೇಜಿನ ಪೂನಮ್ ಎಂಬ ಹುಡುಗಿ ನಕಲು ತೆಗೆದುಕೊಟ್ಟಳು. ಆಕೆ ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ಮಗುಚಿ, ಸಹಿ ಕಾಣದಂತೆ ನನ್ನ ಕೈಗಿಟ್ಟಳು. "ಬಿಸಲಾಗ ಎಲ್ಲಿ ಬಸ್ಸಿಗೆ ನಿಲ್ತೀರಿ? ನಮ್ಮ ಯಮನೂರಪ್ಪ ಬಿಡತಾನ," ಎಂದ ಅಂಬರೀಷ, ಅತಿಥಿಸತ್ಕಾರದ ಮೂರ್ತಿಯಂತೆ.

ಹತ್ತಿದೆ. ಮೂರ್ಖ ನಾನು.

ಈಗ ನೂರಾ ಇಪ್ಪತ್ತು!

"ಕಾಕಾ, ಸುಮ್ನ ಹಟ ಮಾಡಬ್ಯಾಡ್ರಿ. ಆ ಟೀಚರ್ ಸಹಿ ಪಕ್ಕಾ ಆಗೇತಿ. ನಮ್ಮ ಸಾಹೇಬ್ರು ಮುಹೂರ್ತ ನೋಡದs ಒಂದ ಸಹಿ ಮಾಡಸೂದಿಲ್ಲ. ಮಂಗಳವಾರ ಇಲ್ಲ, ಶನಿವಾರ ಇಲ್ಲ. ಶುಕ್ರವಾರಂದ್ರ ಲಕ್ಷ್ಮೀ ವಾರ. ಅದೂ ರಾಹುಕಾಲ ಹನ್ನೆರಡಕ್ಕ ಮುಗೀಬೇಕು, ಆಮ್ಯಾಲ!"

ಶುಕ್ರವಾರ. ಏಪ್ರಿಲ್. ಮಧ್ಯಾಹ್ನ ಹನ್ನೆರಡರ ಮೇಲೆ...

ನನಗೆ ನಗು ಬಂತು. ತಡೆಯಲಾಗಲಿಲ್ಲ. ನೂರಾ ಇಪ್ಪತ್ತರ ವೇಗದಲ್ಲಿ ಗಹಗಹಿಸಿ ನಕ್ಕೆ!

"ತಲಿ ಕೆಟ್ತೇನ್ರಿ?" ಯಮನೂರಪ್ಪ ಹೌಹಾರಿದ.

"ಇಲ್ಲಪಾ. ಈಗ ನೆಟ್ಟಗಾತು."

ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ತಿರುಗುತ್ತಿತ್ತು. ಯಮನೂರಪ್ಪ ಬ್ರೇಕ್ ತುಳಿದ. ಗೇರು ಇಳಿಸಲು ಕ್ಲಚ್ ತುಳಿದ. ಅದೇ ಕ್ಷಣಕ್ಕೆ ನಾನು ಕಾದಿದ್ದೆ. ಗೇರಿನ ಮೇಲಿದ್ದ ಅವನ ಕೈಯ ಮೇಲೆ ನನ್ನ ಎರಡೂ ಕೈಗಳನ್ನಿಟ್ಟು ನ್ಯೂಟ್ರಲಿನಲ್ಲೇ ಒತ್ತಿ ಹಿಡಿದೆ.

ಎಂಜಿನ್ ಹುಚ್ಚು ಹಿಡಿದಂತೆ ಕೂಗಿತು. ಚಕ್ರಗಳಿಗೆ ಮಾತ್ರ ಆ ಕೂಗು ಕೇಳಿಸಲಿಲ್ಲ!

"ಬಿಡ್ರಿ! ಕಾಕಾ, ಬಿಡ್ರಿ!"

ಬಿಡಲಿಲ್ಲ. ಎಪ್ಪತ್ತು... ನಲವತ್ತು... ಇಪ್ಪತ್ತು... ಬಾಗಿಲ ಒಳಹಿಡಿಯನ್ನು ಎರಡು ಸಲ ಎಳೆದರೆ ಬೀಗ ತಾನಾಗಿ ತೆರೆಯುತ್ತದೆ. ಮುನ್ನೂರು ಕಾರು ಎತ್ತಿದವನಿಗೆ ಅಷ್ಟು ತಿಳಿಯದೆ ಇದ್ದೀತೇ? ಎಳೆದೆ. ಉರುಳಿದೆ. ಮೊಣಕೈ ತರಚಿಹೋಯಿತು. ಬ್ಯಾಗು ಎದೆಯ ಮೇಲೇ ಇತ್ತು.

ಸಿಲ್ವಿಯಾ ಬೇಡವೆಂದ ಗೇರೇ ನನ್ನನ್ನು ಕಾಪಾಡಿತು.

ಎದ್ದು ಸರ್ವಿಸ್ ರಸ್ತೆಗೆ ಹಾರಿದೆ. ಉಳ್ಳಾಗಡ್ಡಿ ತುಂಬಿದ ಟೆಂಪೊ ಬರುತ್ತಿತ್ತು. ನಡುವೆ ನಿಂತು ಕೈ ಅಡ್ಡ ಹಿಡಿದೆ. ಚಾಲಕ ತಲೆ ಹೊರಹಾಕಿದ.

"ಸಾಯಾಕ ನಂದs ಗಾಡಿ ಬೇಕಿತ್ತನ? ...ಅರೆ! ವರಪ್ರಸಾದ ಭಾಯಿ!"

ಇಸ್ತಿಯಾಕ! ಎಂಟು ವರ್ಷಗಳ ಹಿಂದೆ ಇದೇ ಟೆಂಪೊವನ್ನು ನಾನೇ ಎತ್ತಿ ತಂದಿದ್ದೆ. ಮೂರು ತಿಂಗಳ ನಂತರ, ಕಂಪನಿಯವರ ಕಾಲು ಹಿಡಿದು ನಾನೇ ಬಿಡಿಸಿಕೊಟ್ಟಿದ್ದೆ.

"ಕೆಲಗೇರಿ! ಲಗೂ!"

"ಹಿಂದ ಕಾರ್ ಬರಾಕತ್ತೇತಿ. ನಿಮ್ಮ ಬೀಗ್ರೇನು?"

"ನನಗ ಚಾ ಕುಡಿಸಾಕ ಬರಾಕತ್ಯಾನ!"

ಇಸ್ತಿಯಾಕ ಪ್ರಶ್ನೆ ಕೇಳುವವನಲ್ಲ. ಟೆಂಪೊ ಹಾರಿತು. ಮೂಟೆಗಳು ಹಾರಿದವು. ಕನ್ನಡಿಯಲ್ಲಿ ಕಾರು ದೊಡ್ಡದಾಗುತ್ತ ಬಂತು. ಕೆಲಗೇರಿ ಕೆರೆಯ ಬಳಿ ಇಸ್ತಿಯಾಕ ಏಕಾಏಕಿ ಎಡಕ್ಕೆ ತಿರುಗಿದ. ಏರಿಯ ಕೆಳಗಿನ ಕೆಸರು ದಾರಿ. ಎತ್ತರದ ಟೆಂಪೊ ಹಾಯ್ದುಹೋಯಿತು. ಹಿಂದೆ ಬಂದ ಕಾರು ಹೊಟ್ಟೆಯ ಮೇಲೆ ಕುಳಿತಿತು. ಯಮನೂರಪ್ಪ ಬಾಗಿಲು ತೆರೆದು ಕಾಲಿಟ್ಟ. ಮೊಣಕಾಲವರೆಗೆ ಹೂತ!

"ಬಾಳ ಛಲೋ ಗಾಡಿ," ಎಂದ ಇಸ್ತಿಯಾಕ, ತಿರುಗಿ ನೋಡದೆ. "ಪ್ಲಾಸ್ಟಿಕ್ ಸುದ್ದಾ ತಗದಿಲ್ಲ ಪಾಪ."

ಸಿಲ್ವಿಯಾ ಶಾಲೆಯ ಪಡಸಾಲೆಯಲ್ಲೇ ನಿಂತಿದ್ದರು. ಒಪ್ಪಿಗೆ ಪತ್ರದ ನಕಲನ್ನು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಮುಖ ಬಿಗಿಯಿತು.

"ವರಪ್ರಸಾದಣ್ಣಾ, ಈ ದಿನಾ ನಾ ಎಲ್ಲಿದ್ನಿ ಅಂತ ನಿಮಗ ಗೊತ್ತದ."

"ಗೊತ್ತದ. ನಾನೂ ಹಿಂದಿನ ಬೆಂಚಿನ್ಯಾಗ ಇದ್ನಿ. ಆ ದಿನದ ವೀಡಿಯೊ ಕಳಸ್ರಿ, ನಾ ಹೋಗಿ..."

"ನೀವು ಹೋಗೂದಲ್ಲ. ನಾ ಬರತೇನಿ."

"ಅಲ್ಲಿ ಗಲಾಟಿ ಆಗತದ ಟೀಚರ್."

"ಆಗ್ಲಿ. ಸಹಿ ನಂದಂತ. ಹಂಗಂದ್ರ ಉತ್ತರಾನೂ ನಾನs ಕೊಡಬೇಕಲ್ಲ?"

ಟೆಂಪೊದ ಮೆಟ್ಟಿಲು ಎತ್ತರ. ಇಸ್ತಿಯಾಕ ಕೈ ಚಾಚಿದ. ಆಕೆ ಆ ಕೈಯನ್ನು ನೋಡಿದರು, ನಕ್ಕರು, ಕಂಬಿ ಹಿಡಿದು ತಾವಾಗಿಯೇ ಹತ್ತಿದರು. ಎರಡು ನಿಮಿಷ ಹಿಡಿಯಿತು. ನಾವಿಬ್ಬರೂ ಆಕಾಶ ನೋಡುತ್ತ ನಿಂತೆವು.

ನಾಲ್ಕು ಗಂಟೆ ಐದು ನಿಮಿಷ. ಕೇಶ್ವಾಪುರ.

ಶೋರೂಮು ತುಂಬಿತ್ತು. ಗುರುವಾರದ ರಾಹುಕಾಲ ಮೂರಕ್ಕೆ ಮುಗಿದಿತ್ತಲ್ಲ! ಮೂರು ಕುಟುಂಬಗಳು, ಮೂರು ಹೊಸ ಕಾರು, ಚಕ್ರಗಳ ಕೆಳಗೆ ನಿಂಬೆಹಣ್ಣು. ಗೋಡೆಯ ದೊಡ್ಡ ಟೀವಿಯಲ್ಲಿ ಹಾರ್ದಿಕ ಅಭಿನಂದನೆಗಳು. ನಡುವೆ ಅಂಬರೀಷ, ಕೈಯಲ್ಲಿ ಆರತಿಯ ತಟ್ಟೆ. ನನ್ನನ್ನು ನೋಡಿದ. ಬ್ಯಾಗನ್ನು ನೋಡಿದ. ತಟ್ಟೆ ಕೆಳಗಿಟ್ಟ.

"ಒಳಗ ಬರ್ರಿ, ಕ್ಯಾಬಿನ್ಯಾಗ ಮಾತಾಡೂಣು."

"ಇಲ್ಲೇ ಮಾತಾಡೂಣ್ರಿ," ಎಂದರು ಸಿಲ್ವಿಯಾ. ಮೂವತ್ತೆಂಟು ಮಕ್ಕಳ ತರಗತಿಯ ಹಿಂದಿನ ಸಾಲಿಗೂ ಮುಟ್ಟುವ ಧ್ವನಿ. "ನಾ ಗೇರಿನ ಗಾಡಿ ಒಪ್ಪಿದ್ನೇನ್ರಿ ಸರ?"

ಎಲ್ಲರೂ ತಿರುಗಿದರು. ಅಂಬರೀಷ ತುಟಿಯಲ್ಲಿ ನಕ್ಕ. ಗಿರಾಕಿಗಳ ಮುಂದೆ ಹಿಂದೆ ಸರಿಯಲು ಅವನಿಂದಾಗದು.

"ಒಪ್ಪೀರಲ್ರಿ ಮೇಡಂ, ಮರತ್ರೇನು? ಏಪ್ರಿಲ್ ಹದಿನೆಂಟು. ಹನ್ನೆರಡೂ ಇಪ್ಪತ್ತಕ್ಕ. ನಾನs ಮುಂದ ನಿಂತು ಕಾಯಿ ಒಡಸೇನಿ."

"ನಾನs ಒಡದ್ನಿ?"

"ನೀವs. ನಿಮ್ಮ ಕೈಯಾರೆ."

"ನೆನಪ ಮಾಡ್ಕೊಂಡು ಹೇಳ್ರಿ."

"ಖರೇ ಅಂದ್ರ ಖರೇ! ದೇವರ ಮುಂದ ಸುಳ್ಳು ಹೇಳ್ತೇನೇನು?"

ನಾನು ಪೂನಮ್ ಕಡೆ ನೋಡಿದೆ. ಸಿಲ್ವಿಯಾ ತಮ್ಮ ಫೋನನ್ನು ಅವಳ ಮೇಜಿನ ಮೇಲಿಟ್ಟರು. "ತಂಗಿ, ಇದನ್ನ ಆ ದೊಡ್ಡ ಟೀವಿಗೆ ಹಾಕಲಿಕ್ಕೆ ಬರತದೇನು?"

ಹುಡುಗಿ ಅಂಬರೀಷನನ್ನು ನೋಡಿದಳು. ಫೋನನ್ನು ನೋಡಿದಳು. ಮೇಜಿನ ಮೇಲಿದ್ದ ರಿಮೋಟನ್ನು ಕೈಗೆತ್ತಿಕೊಂಡಳು.

"ಬರತದ್ರಿ, ಅಕ್ಕಾರ."

ಅಭಿನಂದನೆಗಳು ಮಾಯವಾದವು. ಪರದೆಯ ತುಂಬ ನಮ್ಮ ಮಿಶನ್ ಕಂಪೌಂಡಿನ ದೇವಾಲಯ. ಕಪ್ಪು ಬಟ್ಟೆ ಹೊದಿಸಿದ ಶಿಲುಬೆ. ಸಭೆಯ ನೇರಪ್ರಸಾರ, ಮೇಲ್ಗಡೆ ದಿನಾಂಕ, ಹದಿನೆಂಟು ಏಪ್ರಿಲ್. ಉಪದೇಶಪೀಠದಲ್ಲಿ ಬಿಳಿಯ ಸೀರೆಯುಟ್ಟ ಸಿಲ್ವಿಯಾ, ಕೈಯಲ್ಲಿ ತೆರೆದ ಗ್ರಂಥ. ಪಕ್ಕದ ಗೋಡೆಯಲ್ಲಿ ಹಳೆಯ ಗಡಿಯಾರ.

ಹನ್ನೆರಡು ಇಪ್ಪತ್ತು!

ಸಾವಧಾನವಾದ ಆ ವಾಚನ ಶೋರೂಮನ್ನೆಲ್ಲ ತುಂಬಿತು. ಹೊಸ ಕಾರು ಕೊಂಡ ಮನೆಯ ಅಜ್ಜಿಯೊಬ್ಬರು ಏನೆಂದು ತಿಳಿಯದೆಯೇ ಕೈಮುಗಿದರು.

"ಗುಡ್ ಫ್ರೈಡೆ," ಎಂದೆ ನಾನು. "ಆ ದಿನಾ ಹನ್ನೆರಡರಿಂದ ಮೂರರ ತನಕ ನಮ್ಮ ಮಂದಿ ದೇವಾಲಯ ಬಿಟ್ಟು ಅಲುಗೂದಿಲ್ಲ, ಅಂಬರೀಷ ಅವರ. ಉಪವಾಸ ಇರತಾರ. ಬೇರೆ ಯಾವ ದಿನಾ ಹಾಕಿದ್ರೂ ನಾ ಕೋರ್ಟಿಗೆ ಅಲೀಬೇಕಾಗ್ತಿತ್ತು. ವಾರದ ಏಳು ದಿನದಾಗ ನೀವು ಇದೊಂದನ್ನs ಆರಿಸಿದ್ರಿ! ನಾಕು ನೂರು ಮಂದಿ ಸಾಕ್ಷಿ ಅದಾರ."

"ಪೂನಮ್! ಆಫ್ ಮಾಡು!"

"ರಿಮೋಟ್ ಸಿಗವಲ್ದ್ರಿ ಸರ."

ರಿಮೋಟು ಅವಳ ಕೈಯಲ್ಲೇ ಇತ್ತು.

ಅಂಬರೀಷ ನನ್ನ ಕಿವಿಯ ಬಳಿ ಬಂದ. ಹಲ್ಲು ಕಡಿಯುತ್ತ ಮೆಲುದನಿಯಲ್ಲಿ ಅಂದ. "ನಿನ್ನ ಹಳೇ ಗಾಡಿ ಸೀಜಿಂಗ್ ಪುರಾಣ ಎಲ್ಲಾ ತಗೀತೇನಿ ಮಗನ."

"ತಗೀರಿ. ಅದರಾಗ ನಿಮ್ಮ ಮಾಲಕರ ಗಾಡಿನೂ ಒಂದದ. ಆ ಅಧ್ಯಾಯ ನಾನs ಓದಿ ಹೇಳಲೇನು?"

ನಾನು ಯಾರ ನಂಬಿಕೆಯನ್ನೂ ಹಾಸ್ಯ ಮಾಡುವವನಲ್ಲ. ನಿಂಬೆಹಣ್ಣಿಗೂ ಗೌರವವಿದೆ, ರಾಹುಕಾಲಕ್ಕೂ ಗೌರವವಿದೆ. ಸುಳ್ಳಿಗೆ ಮುಹೂರ್ತ ಹುಡುಕುವವನನ್ನು ಮಾತ್ರ ನಾನು ಸಹಿಸಲಾರೆ.

ಆ ಹೊತ್ತಿಗೆ ಮೊದಲನೆಯ ಕುಟುಂಬದ ಯಜಮಾನ ತನ್ನ ಹೊಸ ಕಾರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ನಮ್ಮ ಸಹಿ ಎಷ್ಟ್ ಕಡೆ ಮಾಡೀರಿ, ಮೊದಲ ಅದನ್ನ ತೋರಸ್ರಿ," ಎಂದ. ಎರಡನೆಯವನೂ ಇಟ್ಟ.

ಅಂಬರೀಷನ ಹಣೆಯ ಕುಂಕುಮ ಬೆವರಿಗೆ ಇಳಿಯತೊಡಗಿತು. ಅವನು ಮಾಲೀಕರಿಗೆ ಫೋನು ಮಾಡಿದ. ಏನು ಹೇಳಿದನೋ ಕೇಳಿಸಲಿಲ್ಲ; ಅತ್ತಲಿಂದ ಬಂದ ಬೈಗುಳ ಎಲ್ಲರಿಗೂ ಕೇಳಿಸಿತು.

ನಾಲ್ಕು ಗಂಟೆ ನಲವತ್ತೊಂದು ನಿಮಿಷಕ್ಕೆ ಸಿಲ್ವಿಯಾ ಅವರ ಫೋನು ಮಿಡಿಯಿತು. ಪೂರ್ತಿ ಮೊತ್ತ. ಕಳ್ಳ ಸಹಿಯ ಮೂಲ ಹಾಳೆಯೂ ಕೈಗೆ ಬಂತು. ಅದನ್ನು ಆಕೆ ಹರಿಯಲಿಲ್ಲ. ಮಡಿಸಿ ಚೀಲಕ್ಕೆ ಹಾಕಿಕೊಂಡರು. ನಾಲ್ಕು ಐವತ್ತಕ್ಕೆ ಆಟೊಮ್ಯಾಟಿಕ್ ಕಾರಿನ ಮುಂಗಡ ಹೊರಟುಹೋಯಿತು.

"ಈ ಹಾಳಿ ಪೊಲೀಸರಿಗೆ ಕೊಡ್ತೀರೇನ್ರಿ ಮೇಡಂ?" ಅಂಬರೀಷನ ದನಿ ಉಡುಗಿತ್ತು.

"ನಾಳೆ ಮುಂಜಾನೆ," ಎಂದರು ಸಿಲ್ವಿಯಾ. ಅಷ್ಟೇ. ಊರುಗೋಲಿಲ್ಲದೆ, ಯಾರ ಕೈಯನ್ನೂ ಹಿಡಿಯದೆ, ನಿಂಬೆಹಣ್ಣುಗಳನ್ನು ಜೋಪಾನವಾಗಿ ದಾಟಿಕೊಂಡು ಬಾಗಿಲಿನತ್ತ ನಡೆದರು.

ಅಂಬರೀಷ ಕುರ್ಚಿಯಲ್ಲಿ ಕುಸಿದ. ಪಂಚಾಂಗವನ್ನು ತೆರೆದ. ಪುಟ ತಿರುವಿದ, ಮತ್ತೆ ತಿರುವಿದ. ತನ್ನನ್ನು ಕೆಡವಿದ್ದು ಅದರಲ್ಲಿ ಎಲ್ಲಿತ್ತೆಂದು ಹುಡುಕುವವನಂತೆ. ಕೊನೆಗೆ ತಲೆಯೆತ್ತಿ ಕೇಳಿದ.

"ಅಲ್ರೀ ಮೇಡಂ... ಈ ಗುಡ್ ಫ್ರೈಡೆ ಮುಂದಿನ ವರ್ಷ ಯಾವಾಗ ಬರತೇತಿ?"

ಸಿಲ್ವಿಯಾ ತಿರುಗಿ ನೋಡಲಿಲ್ಲ.

"ಶುಕ್ರವಾರ."