ಹೊಗೆ ಹೋಗುವ ದಾರಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಾಹುಕಾರ ಠಾಣೆಗೆ ತಂದುಕೊಟ್ಟ ದೂರು ಎರಡು ಪುಟವಿತ್ತು. ಮೊದಲ ಪುಟದ ತುಂಬ ಅವನ ವ್ಯಾಪಾರಕ್ಕಾದ ನಷ್ಟ. ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ ಮನುಷ್ಯನ ಸುದ್ದಿ ಎರಡನೆಯ ಪುಟದ ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ ಬಂತು. ಇನ್ಸ್‌ಪೆಕ್ಟರ್ ಓದಿ ಮುಗಿಸಿ, ಈ ಸಲ ಕೊನೆಯಿಂದ ಶುರುಮಾಡಿ ಇನ್ನೊಮ್ಮೆ ಓದಿದರು.

ಸಾಹುಕಾರನದು ಚಿನ್ನ ಸುಡುವ ಅಂಗಡಿ. ಗುಡ್ಡದಲ್ಲಿ ಅಗೆಯುವವರು ಅದಿರನ್ನು ಪುಡಿಮಾಡಿ ನೀರು, ಪಾದರಸ ಹಾಕಿ ಕಲಸುತ್ತಾರೆ. ಪುಡಿಯಲ್ಲಿ ಅಡಗಿರುವ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಬಟ್ಟೆಯಲ್ಲಿ ಹಿಂಡಿದರೆ ಬೆಳ್ಳನೆಯ ಉಂಡೆಯೊಂದು ಉಳಿಯುತ್ತದೆ. ಅಂಗಡಿಯ ಒಲೆಯ ಮೇಲೆ ಆ ಉಂಡೆಯನ್ನು ಕಾಯಿಸಿದರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಮಾತ್ರ ನಿಲ್ಲುತ್ತದೆ. ಚಿನ್ನದಲ್ಲಿ ಯಾರಿಗೆಷ್ಟು ಪಾಲು ಎಂದು ಆ ಬೀದಿಯಲ್ಲಿ ದಿನಬೆಳಗಾದರೆ ಜಗಳ. ಹೊಗೆಯಲ್ಲಿ ಯಾರಿಗೆಷ್ಟು ಎಂದು ಕೇಳಿದವರು ಕಡಿಮೆ.

ಶನಿವಾರ ಸಂಜೆ ಯಾರೋ ಹೊಗೆಯ ಪೈಪಿಗೆ ಗೋಣಿಚೀಲ ತುರುಕಿದ್ದರು. ಒಲೆಯ ಮುಂದೆ ಕೂತಿದ್ದ ಕೆಲಸಗಾರ, ಬೀದಿಯವರೆಲ್ಲ ಒಲೆಯಣ್ಣ ಎಂದು ಕರೆಯುತ್ತಿದ್ದ ಮುದುಕ, ಆ ಹೊಗೆಯಲ್ಲಿ ಸಿಕ್ಕಿಕೊಂಡ. ಇದು ಹಿಂಡುವವನದೇ ಕೆಲಸ ಎಂದು ಸಾಹುಕಾರ ಬೆರಳು ತೋರಿಸಿದ. ಉಂಡೆ ಹಿಂಡುವ ಕೆಲಸಕ್ಕಿದ್ದ ಒಬ್ಬನನ್ನು ಕಳ್ಳತನದ ಗುಮಾನಿಯ ಮೇಲೆ ಅವನು ಹೋದ ತಿಂಗಳು ಓಡಿಸಿದ್ದ. ಎಫ್‌ಐಆರ್ ದಾಖಲಾಯಿತು.

ದಫೇದಾರರು ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದರು. ಮುದುಕನ ಬಾಯಿಂದ ಮಾತು ಬಿಡಿಬಿಡಿಯಾಗಿ ಬಂತು.

"ಹೊಗೆ ವಾಪಸ್ ಬಂತು. ಬಾಗಿಲು ಬಡಿದೆ. ಉಂಡೆ ಒಲೆ ಮೇಲೇ ಇದೆ, ಇಳಿಸ್ಬೇಕು."

ಮೂರನೆಯದನ್ನು ಹೇಳಿಕೆ ಎಂದು ಬರೆಯುವುದೋ ಬೇಡವೋ ಎಂದು ಯೋಚಿಸಿ, ದಫೇದಾರರು ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಒಲೆಯ ಕೋಣೆಗೆ ಕಿಟಕಿಯಿಲ್ಲ. ತಗಡಿನ ಪೈಪು ಗೋಡೆ ತೂರಿ ಹಿತ್ತಲಿಗೆ ಬಂದು, ಸ್ವಲ್ಪ ಮೇಲೇರಿ, ಮಹಡಿ ಮನೆಯ ಕಿಟಕಿಯ ಕೆಳಗೇ ಮುಗಿಯುತ್ತಿತ್ತು. ಸೂರಿನ ಮೇಲಿನವರೆಗೆ ಒಯ್ಯಲು ಇನ್ನೆರಡು ತುಂಡು ತಗಡು ಬೇಕಿತ್ತು, ಅಷ್ಟೇ. ದಫೇದಾರರು ಬಲಗೈಯಲ್ಲಿ ಏಣಿ ಹಿಡಿದು, ಎಡಗೈ ಒಳಗೆ ತೂರಿಸಿ, ಇನ್ನೂ ಅಲ್ಲೇ ಇದ್ದ ಗೋಣಿಚೀಲವನ್ನು ಎಳೆದು ತೆಗೆದರು. ಕೆಳಗಿಳಿದಾಗ ಮೊಣಕೈವರೆಗೆ ಮಸಿಯಾಗಿತ್ತು.

ಇನ್ಸ್‌ಪೆಕ್ಟರ್ ಪೈಪನ್ನು ಬಿಟ್ಟು ಕೋಣೆಯ ಬಾಗಿಲು ನೋಡುತ್ತ ನಿಂತಿದ್ದರು. ಹಳೆಯ ಬಾಗಿಲಿಗೆ ಹೊಳೆಯುವ ಹೊಸ ಚಿಲಕ.

"ಚಿಲಕ ಹೊರಗಡೆ ಯಾಕಿದೆ?"

"ಭದ್ರತೆಗೆ ಸಾರ್," ಅಂದ ಸಾಹುಕಾರ.

"ಯಾರ ಭದ್ರತೆ?"

"ಮಾಲಿಂದು. ಆ ಹಿಂಡೋನು ಕೈ ಹಾಕಿದ್ಮೇಲೆ ಯಾರನ್ನೂ ನಂಬೋ ಹಾಗಿಲ್ಲ. ಸುಡೋವಾಗ ಹೊರಗಿಂದ ಹಾಕ್ತೀನಿ."

"ಒಳಗಿದ್ದೋರು ಹೊರಗೆ ಬರ್ಬೇಕಂದ್ರೆ?"

"ಬಡೀತಾರೆ. ನಾನು ಇಲ್ಲೇ ಇರ್ತೀನಲ್ಲ."

"ಶನಿವಾರ ಇದ್ರಾ?"

ಟೀ ಕುಡಿಯಲು ಹೋಗಿದ್ದೆ, ಅಲ್ಲಿ ಪರಿಚಯದವರು ಸಿಕ್ಕರು, ವಾಪಸ್ ಬಂದು ಚಿಲಕ ತೆಗೆದಾಗ ಬಿದ್ದಿದ್ದ ಅಂದ ಸಾಹುಕಾರ.

ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ ಮತ್ತು ಹೆಂಡತಿ ಇದ್ದರು. ತಾವೇನೂ ನೋಡಲಿಲ್ಲ ಎಂದು ಇಬ್ಬರೂ ಪೇದೆಗೆ ಹೇಳಿಕೆ ಕೊಟ್ಟರು. ಪಕ್ಕದ ಮನೆಯ ತಾರಸಿಯಿಂದಲೂ, ಹಿತ್ತಲಿನ ಏಣಿಯಿಂದಲೂ ಪೈಪು ಕೈಗೆ ಸಿಗುತ್ತಿತ್ತು. ಹಾಗಾಗಿ ಯಾರೂ ಅವರನ್ನು ಹೆಚ್ಚು ಕೆದಕಲಿಲ್ಲ.

ಮಂಗಳವಾರ ಬೆಳಗಿನ ಜಾವ ಒಲೆಯಣ್ಣ ತೀರಿಕೊಂಡ. ಪಾದರಸದ ಹೊಗೆಯಿಂದ ಶ್ವಾಸಕೋಶ ಒಳಗೊಳಗೇ ಬೆಂದಿದೆ ಎಂದು ಮರಣೋತ್ತರ ವರದಿ ಬಂತು. ಸಾಹುಕಾರ ಠಾಣೆಗೆ ಫೋನು ಮಾಡಿ, ಬೀಗಮುದ್ರೆ ಹಾಕಿದ ಕೋಣೆಯಲ್ಲಿರುವ ಉಂಡೆ ಯಾವಾಗ ಕೈಗೆ ಸಿಗುತ್ತದೆ ಎಂದು ವಿಚಾರಿಸಿದ. ಇನ್ಸ್‌ಪೆಕ್ಟರ್ ಫೋನು ಕುಕ್ಕಿದರು. ಸೇವೆಗೆ ಸೇರಿದ ಮೇಲೆ ಅವರಿಗೆ ಕಳ್ಳರ ಮೇಲೂ ಇಷ್ಟು ಸಿಟ್ಟು ಬಂದದ್ದು ಅಪರೂಪ.

ಹಿಂಡುವವನನ್ನು ಕರೆತಂದರು. ಶನಿವಾರ ಅವನು ಗುಡ್ಡದ ಮೇಲೆ ಅದಿರು ಪುಡಿಮಾಡುವ ಗಿರಣಿಯಲ್ಲಿದ್ದ, ನೋಡಿದವರು ಬೇಕಾದಷ್ಟು ಮಂದಿಯಿದ್ದರು. ವಿಚಾರಣೆ ನಡೆಯುತ್ತಿದ್ದಾಗಲೇ ಅವನ ಕಣ್ಣು ದಫೇದಾರರ ಎಡಗೈ ಮೇಲೆ ಬಿತ್ತು. ಸಾವಿನ ಕೇಸಿನಲ್ಲಿ ನಗಬಾರದೆಂದು ತುಟಿ ಕಚ್ಚಿಕೊಂಡ.

"ಸಾರ್, ಆ ಪೈಪಿಗೆ ಕೈ ಹಾಕಿದ್ರಾ?"

ದಫೇದಾರರು ನಿನ್ನೆಯಿಂದ ಇದೇ ಚಿಂತೆಯಲ್ಲಿದ್ದರು. ಮಾವನವರು ಕೊಟ್ಟ ಚಿನ್ನದ ಉಂಗುರ ರಾತ್ರಿ ಕೈ ತೊಳೆಯುವಾಗ ಬೆಳ್ಳಗೆ ಕಂಡಿತ್ತು. ಎಷ್ಟು ಉಜ್ಜಿದರೂ ಬಣ್ಣ ಬಿಡಲಿಲ್ಲ. ಮಾವ ಗಿಲೀಟು ಉಂಗುರ ಕೊಟ್ಟು ಟೋಪಿ ಹಾಕಿದರು ಎಂದು ಹೆಂಡತಿಯ ಜೊತೆ ಮಾತಿಗೆ ಮಾತು ಬೆಳೆದು, ಬೆಳಿಗ್ಗೆ ತಿಂಡಿಯಿಲ್ಲದೆ ಡ್ಯೂಟಿಗೆ ಬಂದಿದ್ದರು.

ಹೊಗೆಯಲ್ಲಿರುವ ಪಾದರಸ ಪೈಪಿನ ಬಾಯಲ್ಲಿ ತಣ್ಣಗಾಗಿ ಹನಿಹನಿಯಾಗಿ ಅಂಟಿರುತ್ತದೆ, ಚಿನ್ನ ತಾಗಿದರೆ ಹಿಡಿದುಕೊಂಡುಬಿಡುತ್ತದೆ ಎಂದು ಹಿಂಡುವವನು ವಿವರಿಸಿದ. ಈ ಕಸುಬಿನವರು ಯಾರೂ ಉಂಗುರ ಹಾಕಿಕೊಂಡು ಕೆಲಸಕ್ಕೆ ಇಳಿಯುವುದಿಲ್ಲ, ಬಾಗಿಲ ಬಳಿಯ ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಾರೆ. ಅವನ ಬೆರಳಿನ ಉಂಗುರ ಹಳದಿಯಾಗಿಯೇ ಇತ್ತು.

"ಅಕ್ಕಸಾಲಿ ಹತ್ರ ಕೊಡಿ, ಬೆಂಕಿ ತೋರಿಸಿದ್ರೆ ಬಣ್ಣ ವಾಪಸ್ ಬರುತ್ತೆ," ಅಂದ.

ಸಂಜೆ ದಫೇದಾರರು ಅಂಗಡಿ ಬೀದಿಯ ಅಕ್ಕಸಾಲಿಯ ಬಳಿ ಹೋದರು. ಇನ್ಸ್‌ಪೆಕ್ಟರೂ ಕುತೂಹಲಕ್ಕೆ ಜೊತೆಗೆ ಹೋದರು. ಅಕ್ಕಸಾಲಿ ಉಂಗುರವನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟು ಬೆಂಕಿ ಊದಿದ. ತೆಳ್ಳನೆಯ ಹೊಗೆ ಎದ್ದು ಬೀದಿಗೆ ಹೋಯಿತು. ಉಜ್ಜಿ ಕೊಟ್ಟಾಗ ಉಂಗುರ ಮೊದಲಿನಂತೆ ಫಳಫಳ ಅನ್ನುತ್ತಿತ್ತು. ದಫೇದಾರರು ಮನಸ್ಸಿನಲ್ಲೇ ಮಾವನವರ ಕ್ಷಮೆ ಕೇಳಿದರು.

"ಈ ವಾರದಲ್ಲಿ ಇದು ಎರಡನೇದು ಸಾರ್," ಅಂದ ಅಕ್ಕಸಾಲಿ. "ಮೊದಲನೇದು ಬಂತು, ಹಾಗೇ ವಾಪಸ್ ಹೋಯ್ತು."

"ಯಾರದ್ದು?"

"ಗಡಿಯಾರದೋರ ಮನೆಯೋರದ್ದು. ಸುಟ್ಟುಕೊಡ್ತೀನಿ ಅಂದೆ. ಕಾಸು ಬೇಡ ಅಂತಾನೂ ಅಂದೆ. ಯಾಕೋ ಬೇಡ ಅಂತ ಹೊರಟೇಹೋದ್ರು."

ಇನ್ಸ್‌ಪೆಕ್ಟರ್ ಅಲ್ಲಿಂದ ನೇರ ಮಹಡಿ ಮನೆಗೆ ಹೋದರು. ಕಿಟಕಿಯ ಪಕ್ಕದ ಮೇಜಿನ ಮುಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವಳು ಹೆಂಡತಿ. ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಹೇಳಿಕೊಡುತ್ತಿದ್ದ. ಅವಳು ಚಿಮುಟದಲ್ಲಿ ಎಳ್ಳಿನಷ್ಟು ಸಣ್ಣ ಸ್ಕ್ರೂ ಹಿಡಿದಿದ್ದಳು. ಬೆರಳಿನ ಉಂಗುರ ಬೆಳ್ಳಗಿತ್ತು.

"ಬೆಳ್ಳೀದಾ ತಾಯಿ?"

"ಬಂಗಾರದ್ದು," ಅಂದಳು. ಸ್ಕ್ರೂವನ್ನು ಬಟ್ಟಲಿಗೆ ಹಾಕಿ, ಭೂತಗನ್ನಡಿ ತೆಗೆದಿಟ್ಟಳು. "ಬರ್ತೀರಿ ಅಂತ ಗೊತ್ತಿತ್ತು. ಒಲೆಯಣ್ಣ ತೀರಿಕೊಂಡ್ರಂತಲ್ಲ."

ಮುಂದಿನದನ್ನು ಯಾರೂ ಬಾಯಿಬಿಡಿಸಬೇಕಾಗಲಿಲ್ಲ. ಎರಡು ವರ್ಷದ ಹಿಂದೆ ಗಂಡನ ಕೈ ನಡುಗಲು ಶುರುವಾಯಿತು. ಕುಡಿತ ಶುರುಮಾಡಿದ್ದಾನೆಂದು ಬೀದಿ ಆಡಿಕೊಂಡಿತು. ನರದ ದೌರ್ಬಲ್ಯ ಎಂದು ವೈದ್ಯರು ಟಾನಿಕ್ ಬರೆದುಕೊಟ್ಟರು. ಕೈಯೇ ಬಂಡವಾಳವಾದ ಕಸುಬು, ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಕೊನೆಗೆ ಒಲೆಯಣ್ಣನೇ ಒಂದು ದಿನ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ತನ್ನ ಕೈ ಚಾಚಿ ತೋರಿಸಿದ್ದ. ಅದೂ ಹಾಗೆಯೇ ನಡುಗುತ್ತಿತ್ತು. ಇದು ಹೊಗೆಯಿಂದ ಬಂದದ್ದು, ನಿಮ್ಮವರಿಗೂ ಇದೇ ಅಕ್ಕಾ, ಈ ಕಿಟಕಿ ಮುಚ್ಚಿಟ್ಟುಕೊಳ್ಳಿ ಅಂದಿದ್ದ. ಕಿಟಕಿ ಮುಚ್ಚಿದರೆ ಗಡಿಯಾರದ ಕೆಲಸಕ್ಕೆ ಬೆಳಕೆಲ್ಲಿಂದ ಬರಬೇಕು? ಅವಳು ಸಾಹುಕಾರನ ಬಳಿ ಹೋಗಿ, ಪೈಪಿಗೆ ಇನ್ನೆರಡು ತುಂಡು ಸೇರಿಸಿ ಎಂದು ಬೇಡಿಕೊಂಡಳು. ನಿಮ್ಮನೆಗೆ ಪುಕ್ಕಟೆ ಚಿನ್ನದ ಹೊಗೆ ಬರ್ತಿದೆ, ಬಾಡಿಗೆ ಕೇಳ್ತಿಲ್ಲವಲ್ಲ ಎಂದು ಅವನು ಕೂತವರನ್ನೆಲ್ಲ ನಗಿಸಿದ.

"ಹೊಗೆ ತುಂಬಿದ್ರೆ ಎದ್ದು ಹೊರಗೆ ಬರ್ತಾರೆ, ಪೈಪು ಬಿಚ್ತಾರೆ, ಆಗ ಮೇಲಕ್ಕೆ ಹಾಕಿ ಅಂತ ಇನ್ನೊಂದ್ಸಲ ಕೇಳೋಣ ಅಂದ್ಕೊಂಡೆ," ಅಂದಳು. "ಚಿಲಕ ಹಾಕಿರ್ತಾರೆ ಅಂತ ನಂಗೇನು ಗೊತ್ತು? ಬಡಿಯೋ ಸದ್ದು ಕೇಳಿಸ್ತು ಸಾರ್. ಪೈಪು ಬಿಚ್ತಿದಾರೆ ಅಂದ್ಕೊಂಡು ಖುಷಿಪಟ್ಟೆ."

ಗಂಡನಿಗೆ ಇದೊಂದೂ ತಿಳಿದಿರಲಿಲ್ಲ. ಅವನು ಎದ್ದು ಅವಳ ಚಪ್ಪಲಿ ಹುಡುಕಿ ತಂದು, ಕಾಲ ಬಳಿ ಇಡಲು ಹೋಗಿ ಒಂದನ್ನು ಬೀಳಿಸಿದ.

ಮ್ಯಾಜಿಸ್ಟ್ರೇಟರ ಅನುಮತಿ ಬಂದ ಮೇಲೆ, ಮಂಗಳವಾರ ರಾತ್ರಿ ಎಂಟು ಗಂಟೆಗೆ ಅವಳ ಬಂಧನವಾಯಿತು. ಹೊರಗಿನಿಂದ ಚಿಲಕ ಹಾಕಿ ಹೋಗಿದ್ದಕ್ಕೆ ಸಾಹುಕಾರನ ಮೇಲೂ ಕೇಸು ಬಿತ್ತು. ಅವನ ವಕೀಲರು ಅವನಿಗಿಂತ ಮೊದಲೇ ನ್ಯಾಯಾಲಯ ತಲುಪಿದ್ದರಿಂದ ಬುಧವಾರ ಮಧ್ಯಾಹ್ನದ ಊಟಕ್ಕೆ ಅವನು ಮನೆಯಲ್ಲಿದ್ದ. ಅವಳಿಗೆ ವಕೀಲರಿರಲಿಲ್ಲ. ಗಂಡನಿಗೆ ಜಾಮೀನಿನ ಕಾಗದಕ್ಕೆ ಸಹಿ ಮಾಡುವಷ್ಟೂ ಕೈ ನಿಲ್ಲುತ್ತಿರಲಿಲ್ಲ.

ಉಂಗುರದ ಜಪ್ತಿ ಬಂಧನವಾದ ರಾತ್ರಿಯೇ ಠಾಣೆಯಲ್ಲಿ ನಡೆದಿತ್ತು. ಉಂಗುರ ಬಿಗಿಯಾಗಿತ್ತು, ಮಹಿಳಾ ಪೇದೆ ಸೋಪು ಹಚ್ಚಿ ತೆಗೆದಳು. ಬೆಳ್ಳಗೆ ತಿರುಗಿದ ಚಿನ್ನದ ಉಂಗುರ ಒಂದು ಎಂದು ದಫೇದಾರರು ಪಂಚನಾಮೆಯಲ್ಲಿ ಬರೆದರು. ಇನ್ಸ್‌ಪೆಕ್ಟರಿಗೆ ಒಂದು ಮಾತು ಮಾತ್ರ ಅರ್ಥವಾಗದೆ ಉಳಿದಿತ್ತು.

"ಅಕ್ಕಸಾಲಿ ಸುಟ್ಟುಕೊಡ್ತೀನಿ ಅಂದಿದ್ದನಲ್ಲಮ್ಮ. ಕೊಟ್ಟಿದ್ರೆ ನಮಗೆ ಸಾಕ್ಷಿಯೇ ಇರ್ತಿರ್ಲಿಲ್ಲ. ಯಾಕೆ ಕೊಡ್ಲಿಲ್ಲ?"

ಅವಳು ಉಂಗುರವಿಲ್ಲದ ಬೆರಳನ್ನು ಸೆರಗಿನಿಂದ ಒರೆಸಿಕೊಂಡಳು.

"ಅವರ ಅಂಗಡಿ ಮೇಲೂ ಒಂದು ಮನೆ ಇದೆ ಸಾರ್," ಅಂದಳು. "ಕಿಟಕಿ ತೆರೆದಿತ್ತು."

ಅದನ್ನೂ ಬರೆದುಕೊಳ್ಳಿ ಎಂದು ಇನ್ಸ್‌ಪೆಕ್ಟರ್ ಹೇಳಿದರು. ದಫೇದಾರರು ಬರೆದುಕೊಂಡರು. ಬರೆದು ಮುಗಿಸುವವರೆಗೂ ಉಂಗುರವಿದ್ದ ಅವರ ಎಡಗೈ ಮೇಜಿನ ಕೆಳಗೇ ಇತ್ತು.