ಉತಾರದ ಕೋಳಿ

“ಅದಕ್ಕ ಕಾಳು ಹಾಕಬ್ಯಾಡ್ರಿ, ಟೀಚರಬಾಯಿ! ಅದು ಉತಾರದ ಕೋಳಿ!”

ಬೇಲಿಯಾಚೆಯಿಂದ ನೆರೆಮನೆಯ ಸಖುಬಾಯಿ ಕೂಗಿದ ರಭಸಕ್ಕೆ ಕರುಣಾಳ ಮುಷ್ಟಿಯಿಂದ ಜೋಳ ಚೆಲ್ಲಿತು. ಬದನೆ ಮಡಿಯ ನಡುವೆ ಎಲ್ಲಿಂದಲೋ ಬಂದ ಕಪ್ಪು ಹೇಂಟೆ ನಿಂತಿತ್ತು. ನೆತ್ತಿಯ ಮೇಲೆ ಕುಂಕುಮ, ಕಾಲಿಗೆ ಕರಿದಾರ.

ಡಾಬಕಾದ ಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಬೀದರದಿಂದ ವರ್ಗವಾಗಿ ಬಂದ ಕರುಣಾ ತನ್ನ ಹಿತ್ತಲನ್ನೂ ಪಾಠದಂತೆಯೇ ಅಣಿಗೊಳಿಸಿದ್ದಳು. ಮಡಿಯ ಹುಳ ಕೋಳಿಗೆ, ಕೋಳಿಯ ಹಿಕ್ಕೆ ಮಡಿಗೆ. ತಾನಾಗಿ ಬಂದ ಹೇಂಟೆಯನ್ನು ಓಡಿಸುವುದೆಂದರೇನು?

“ಎಂಥಾ ಉತಾರ, ಮಾವಶಿ?”

“ನಮ್ಮ ಸೊಸಿ ಆರತಿಗಿ ಯಾರೋ ಮಾಟ ಮಾಡಿಸ್ಯಾರ್ರಿ. ಮಾತೇ ನಿಂತದ. ಆಕಿ ಪೀಡಾ ಈ ಕೋಳಿ ಮ್ಯಾಲ ಇಳಿಸಿ ಅಡವಿಗಿ ಬಿಟ್ಟಿದ್ವಿ. ಅಲ್ಲಿ ನರಿ ತಿಂದ್ರ ಪೀಡಾನೂ ಅಲ್ಲೇ ಸಾಯ್ತದ. ಮನಷ್ಯಾರ ಕೈಯಾಗಿನ ಕಾಳು ತಿಂತಂದ್ರ ಆ ಕೈಗಿ ಅಂಟ್ತದ. ಹಿಡದು ಕೊಡ್ರಿ, ನಾ ತಿರುಗಿ ಬಿಟ್ಟು ಬರ್ತೇನಿ.”

ಕರುಣಾ ನಕ್ಕಳು. “ನರಿಗಿ ಊಟ, ನಮಗ ಉಪವಾಸೇನ್ರಿ? ಮಹಾಮಾಯಾ, ಬಾ ಇಲ್ಲಿ. ನೀನೇ ತಿನಿಸು. ಮಾವಶಿ ನೋಡ್ಲಿ.”

ಮಗಳು ಅಂಗೈ ಚಾಚಿದಳು. ಹೇಂಟೆ ಗತ್ತಿನಿಂದ ನಡೆದು ಬಂದು ಕಾಳು ಹೆಕ್ಕಿತು. ಸಖುಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅದೇ ಕ್ಷಣ ಅವಳ ಮನೆಯೊಳಗಿಂದ, ಬಹುಕಾಲ ಮುಚ್ಚಿದ್ದ ಬಾಗಿಲು ತೆರೆದಂತೆ, ಒಣಗಿದ ದನಿಯೊಂದು ಕೇಳಿತು.

“ಅತ್ತೀ... ನೀರು...”

ಕಾಕತಾಳೀಯ ಎಂದುಕೊಂಡಳು ಕರುಣಾ. ಮರುದಿನ ಮಹಾಮಾಯಾ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಭಾಲ್ಕಿಯ ವೈದ್ಯರು ಗಂಟಲು ನೋಡಿದರು, ಬೀದರದವರು ಯಂತ್ರವಿಟ್ಟು ನೋಡಿದರು. ಯಾರಿಗೂ ದೋಷ ಕಾಣಲಿಲ್ಲ. ಇತ್ತ ಹಿತ್ತಲಿಗೆ ಬೇರೊಂದು ವಾಸನೆ ಹತ್ತಿತು. ಸುಟ್ಟ ಕೂದಲಿನದು, ಒದ್ದೆ ಪುಕ್ಕದ್ದು. ಉಳಿದ ಕೋಳಿಗಳು ಹಗಲಲ್ಲೂ ಗೂಡು ಬಿಟ್ಟು ಹೊರಬರಲೊಲ್ಲವು. ಕಪ್ಪು ಹೇಂಟೆಯೊಂದೇ ಮೆಂತ್ಯದ ಮಡಿಯನ್ನು ಬುಡಸಮೇತ ಕೆದರುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದ ಕರುಣಾ ಕಿವಿಗೊಟ್ಟಳು. ಕೆದರುವ ಸದ್ದು ಜೋಡಿಯಾಗಿ ಕೇಳುತ್ತಿತ್ತು.

ಹಿತ್ತಲಿಗೆ ಓಡಿದಳು. ಮಡಿಯಲ್ಲಿ ಹೇಂಟೆ. ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಮಗಳು. ಉಗುರಿನಿಂದ ಮಣ್ಣು ಕೆದರುತ್ತಿದ್ದಳು. ಬೆರಳ ತುದಿಯಲ್ಲಿ ರಕ್ತ. “ಮಹಾಮಾಯಾ!” ಮಗಳು ಕತ್ತು ಓರೆಮಾಡಿದಳು. ಒಂದೇ ಕಣ್ಣಿನಿಂದ ನೋಡಿದಳು. ರೆಪ್ಪೆ ಬಡಿಯಲಿಲ್ಲ. ಗಂಟಲಿನಿಂದ ದನಿ ಬಂತು.

ಕೊಕ್. ಕೊಕ್.

ಕಲಿತ ವಿಜ್ಞಾನವೆಲ್ಲ ಆ ದನಿಯೆದುರು ಕುಸಿದುಬಿತ್ತು. ಸಖುಬಾಯಿಯ ಕಾಲು ಹಿಡಿದಾಗ ಆಕೆ ಹೇಳಿದ್ದಿಷ್ಟೇ: “ಕೂಸಿನ ಪೀಡಾ ಅದೇ ಕೋಳಿ ಮ್ಯಾಲ ಇಳಿಸ್ರಿ. ಮನಷ್ಯಾರ ಸುಳಿವಿಲ್ಲದಲ್ಲಿ ಬಿಡ್ರಿ.”

ಹೊತ್ತು ಇಳಿಯುವಾಗ ಮಹಾರಾಷ್ಟ್ರದ ಗಡಿಯತ್ತ ಜಾಲಿ ಪೊದೆಗಳ ನಡುವೆ ಸ್ಕೂಟಿ ನಿಂತಿತು. ಮಗಳ ಸುತ್ತ ಹೇಂಟೆಯನ್ನು ನಿವಾಳಿಸಿ ಕರುಣಾ ಕೆಳಗೆ ಬಿಟ್ಟಳು. ಅದು ಅಡವಿಯತ್ತ ತಿರುಗಲಿಲ್ಲ. ಪೊದೆಯ ಮರೆಯಿಂದ ಏಳುತ್ತಿದ್ದ ಹೊಗೆಯತ್ತ ನೆಟ್ಟಗೆ ನಡೆಯಿತು.

ಅಲ್ಲೊಂದು ಕುರಿಗಾರರ ಗುಡಿಸಲು. ಅಂಗಳದಲ್ಲಿ ಒಬ್ಬ ಮುದುಕಿ, ಅವಳ ಮಡಿಲಲ್ಲಿ ತೊದಲುವ ಮೊಮ್ಮಗು.

“ಬಾ ಬಾ ಬಾ... ಯಾರ ಮನಿದವ್ವಾ ನೀ? ಹಾದಿ ತಪ್ಪಿದಿ ಏನ? ಗುಡ್ಡೂ, ನೋಡೋ, ನಿನ್ನ ಗೆಣತಿ ಬಂದಾಳ!” ಮುದುಕಿ ನಗುತ್ತ ಮಗುವಿನ ಪುಟ್ಟ ಅಂಗೈಗೆ ಕಾಳು ಸುರಿದಳು.

ಕೂಗಬೇಕು. ಕರುಣಾ ಬಾಯಿ ತೆರೆದಳು.

“ಮಮ್ಮಿ.”

ಪಕ್ಕದಲ್ಲಿ ಮಗಳು. ಹೇಂಟೆ ಆ ಅಂಗೈಗೆ ಹತ್ತಿರವಾದಂತೆಲ್ಲ ಅವಳ ಗಂಟಲು ಸಡಿಲವಾಗುತ್ತಿತ್ತು. “ಮಮ್ಮಿ, ಆ ಕೂಸು... ಬ್ಯಾಡಂತ ಹೇಳು.”

ಕರುಣಾ ಕದಲಲಿಲ್ಲ. ಈಗ ಹೇಂಟೆ ಬೆದರಿದರೆ? ಹಿಂದಿರುಗಿದರೆ? ಈ ದನಿ ಮತ್ತೆ ಮುಚ್ಚಿಹೋದರೆ?

ಮಹಾಮಾಯಾ ತಾನೇ ಎದೆತುಂಬ ಉಸಿರೆಳೆದುಕೊಂಡಳು. “ಅಜ್ಜೀ! ಬ್ಯಾ...”

ಕರುಣಾಳ ಅಂಗೈ ಮಗಳ ಬಾಯಿಯನ್ನು ಅದುಮಿ ಹಿಡಿಯಿತು. ಮಗಳು ಕೊಸರಿದಳು, ಪರಚಿದಳು, ಕಚ್ಚಿದಳು. ಕೈ ಸಡಿಲಲಿಲ್ಲ.

ಅಂಗಳದಲ್ಲಿ ಹೇಂಟೆ ಕತ್ತು ಬಗ್ಗಿಸಿ ಕಾಳು ಹೆಕ್ಕಿತು. ಕಚಗುಳಿಯಾಗಿ ಮಗು ಕಿಲಕಿಲನೆ ನಕ್ಕಿತು.

ಆಮೇಲೆ ನಗಲಿಲ್ಲ.