ಹದಿನೆಂಟು ಕೆಂಪು ರಸೀದಿಗಳು

"ದೊಡ್ಡಮ್ಮಾ, ಶುಕ್ರವಾರ ಪೊಲೀಸ್ರು ಬಂದು ನನ್ನನ್ನ ಹಿಡ್ಕೊಂಡ್ ಹೋಗ್ತಾರಂತೆ. ಇನ್ನು ನಾಲ್ಕೇ ದಿನ ಇರೋದು."

ಬಿಯೆನ್ ಹೋವಾ ಪೇಟೆಯ ಹಿಂದಿನ ಓಣಿಯಲ್ಲಿ, ತುಯೆತ್ ಅವರ ಮನೆಯ ಜಗಲಿಯ ಮೇಲೆ ಕೂತು ದಿಯೆಪ್ ಹೀಗೆಂದಾಗ ಸೋಮವಾರ ಬೆಳಗಿನ ಎಂಟು ಗಂಟೆ. ಅದೇ ಮನೆಯಲ್ಲಿ ಬಾಡಿಗೆಗಿದ್ದ ಲಾಮ್ ಮೇಷ್ಟ್ರು ಆಗಷ್ಟೇ ಐಸ್ ಹಾಕಿದ ಕಾಫಿ ತಂದಿಟ್ಟಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಪಾಠ ಹೇಳಿದ ಅವರಿಗೆ ಈಗ ಉಳಿದಿದ್ದ ಕೆಲಸ ಎರಡೇ. ತಮ್ಮ ಹಳೆಯ ಹೋಂಡಾದ ಮೇಲೆ ತುಯೆತ್ ಅವರನ್ನು ಕರೆದೊಯ್ಯುವುದು, ಕಂಡವರನ್ನೆಲ್ಲ ಅನುಮಾನಿಸುವುದು. ಈ ಹೆಂಗಸು ಅಳುತ್ತಿಲ್ಲವಲ್ಲ ಎಂಬುದು ಅವರಿಗೆ ಬಂದ ಮೊದಲ ಅನುಮಾನ.

ತುಯೆತ್ ತೆರಿಗೆ ಕಚೇರಿಯಲ್ಲಿ ತನಿಖಾಧಿಕಾರಿಯಾಗಿದ್ದು ನಿವೃತ್ತರಾದವರು. ಅರವತ್ತಾರು ವಯಸ್ಸು, ಬಿಳಿ ತುರುಬು, ಚೂಪು ನಾಲಿಗೆ. "ಮೊದಲಿಂದ ಹೇಳು. ಕಾಫಿ ಕುಡೀತಾ ಹೇಳು" ಎಂದರು.

ದಿಯೆಪ್ ಒಂದು ಅಮೆರಿಕನ್ ಪೀಠೋಪಕರಣ ಕಂಪನಿಯ ಮುಖ್ಯ ಲೆಕ್ಕಾಧಿಕಾರಿ. ಕಂಪನಿ ಇಲ್ಲಿ ಮರ ಕೊಂಡು, ಕುರ್ಚಿ ಮೇಜು ಮಾಡಿಸಿ, ಹಡಗಿನಲ್ಲಿ ಅಮೆರಿಕಕ್ಕೆ ಕಳಿಸುತ್ತದೆ. ಹೊರದೇಶಕ್ಕೆ ಹೋಗುವ ಸರಕಿಗೆ ವ್ಯಾಟ್ ಇಲ್ಲ. ಹಾಗಾಗಿ ಮರ ಕೊಳ್ಳುವಾಗ ನೂರಕ್ಕೆ ಹತ್ತರಂತೆ ಕೊಟ್ಟ ತೆರಿಗೆಯನ್ನು ಸರ್ಕಾರ ಹಿಂದಿರುಗಿಸುತ್ತದೆ. ಆದರೆ ಅದಕ್ಕೆ ಮಾರಿದವನ ಮೊಹರು ಬಿದ್ದ ಅಸಲಿ ಕೆಂಪು ರಸೀದಿ ತೋರಿಸಬೇಕು. ಈ ವರ್ಷದ ಅರ್ಜಿಯಲ್ಲಿ ಒಂದೇ ಮರದ ವ್ಯಾಪಾರಿಯ ಹದಿನೆಂಟು ರಸೀದಿಗಳಿದ್ದವು. ತೆರಿಗೆಯವರು ಆ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿದ್ದದ್ದು ಬಾತುಕೋಳಿ ಸಾಕುವ ಕೊಳ. ಆ ಹೆಸರಿನ ವ್ಯಾಪಾರಿ ಭೂಮಿಯ ಮೇಲೇ ಇರಲಿಲ್ಲ.

"ಹದಿನೆಂಟರ ಮೇಲೂ ಸಹಿ ಯಾರದು?" ತುಯೆತ್ ಕೇಳಿದರು.

"ನಂದೇ. ಆದ್ರೆ ಮರ ಬಂದಿತ್ತು ದೊಡ್ಡಮ್ಮ, ಗೋದಾಮಲ್ಲಿ ಕಣ್ಣಾರೆ ನೋಡಿದೀನಿ. ಯಾರಿಂದ ಬಂತು ಅನ್ನೋದು ಗೊತ್ತಿಲ್ಲ. ರಸೀದಿ ತಂದ್ಕೊಟ್ಟಿದ್ದು ಖರೀದಿ ಮ್ಯಾನೇಜರ್ ಖಾಯ್. ಈಗ ಅವ್ನು, ಆ ವ್ಯಾಪಾರೀನ ಗೊತ್ತು ಮಾಡಿದ್ದೇ ದಿಯೆಪ್, ನಾನು ಬರೀ ಲಾರಿಯವರು ಕೊಟ್ಟಿದ್ದನ್ನ ದಾಟಿಸ್ದೆ ಅಂತಾನೆ." ಅವಳು ಕಾಫಿ ಲೋಟ ಕೆಳಗಿಟ್ಟಳು. "ಭಾನುವಾರ ಚರ್ಚಲ್ಲಿ ಹಾಡೋಕೆ ನಿಂತ್ರೆ ಅಕ್ಕಪಕ್ಕದವರು ಸರ್ಕೊಂಡ್ರು. ಕಳ್ಳಿ ಅಂತ ಹೆಸರು ಬಂದ್ಮೇಲೆ ಈ ಊರಲ್ಲಿ ನಾನು ಹೇಗ್ ಬಾಳ್ಲಿ?"

ಮಂಗಳವಾರ ತುಯೆತ್, ಲಾಮ್ ಇಬ್ಬರೂ ಕಂಪನಿಗೆ ಹೋದರು. ನಿರ್ದೇಶಕ ಪ್ರೂಯಿಟ್ ಐವತ್ತೆರಡರ ದಡೂತಿ ಮನುಷ್ಯ. ಆರು ವರ್ಷದಿಂದ ಇಲ್ಲೇ ಇದ್ದು ಹರುಕುಮುರುಕು ಭಾಷೆ ಕಲಿತಿದ್ದ.

"ಅಮ್ಮ, ನಮ್ಮೂರಲ್ಲಿ ತೆರಿಗೆ ಕಟ್ಟೋನು ಕಡೇಲಿ ಅಂಗಡಿಗೆ ಬಂದು ಕೊಳ್ಳೋನು ಒಬ್ನೇ. ಇಲ್ಲಿ ಎಲ್ರೂ ಕಟ್ಬೇಕು, ಆಮೇಲೆ ವಾಪಸ್ ಕೊಡಿ ಅಂತ ಬೇಡ್ಬೇಕು. ವಾಪಸ್ ಕೊಡೋ ಹಾಗಿದ್ರೆ ತಗೊಳ್ಳೋದಾದ್ರೂ ಯಾಕೆ?"

"ನಿಮ್ಮಂಥೋರು ರಸೀದಿ ಜೋಪಾನವಾಗಿ ಇಟ್ಕೊಳ್ಲಿ ಅಂತ" ಎಂದರು ತುಯೆತ್. ಲಾಮ್ ಅವನನ್ನು ಓರೆಗಣ್ಣಿನಿಂದ ನೋಡಿದರು. ಏನೂ ಅರ್ಥವಾಗದವನಂತೆ ನಟಿಸುವವರನ್ನು ಅವರು ತರಗತಿಯಲ್ಲಿ ಬೇಕಾದಷ್ಟು ಕಂಡಿದ್ದರು.

ನಗದು ಕೊಡುವ ಹುಡುಗಿ ಓವಾನ್, ಇಪ್ಪತ್ತೈದರವಳು. ಅವಳ ಮೇಜಿನ ಮೇಲೆ ದಿನಕ್ಕೊಂದು ಹಾಳೆ ಹರಿಯುವ ದಪ್ಪ ಕ್ಯಾಲೆಂಡರ್ ಇತ್ತು. ಇಲ್ಲಿ ವರ್ಷಗಳಿಗೂ ದಿನಗಳಿಗೂ ಹನ್ನೆರಡು ಪ್ರಾಣಿಗಳ ಹೆಸರು ಸರದಿಯ ಮೇಲೆ ಬರುತ್ತವೆ. ಇಂದು ಯಾವ ಪ್ರಾಣಿಯ ದಿನ, ಯಾವ ಗಳಿಗೆ ಒಳ್ಳೆಯದು, ಎಲ್ಲ ಅದರಲ್ಲಿ ಅಚ್ಚಾಗಿತ್ತು. ಅದನ್ನು ನೋಡದೆ ಅವಳು ಉಗುರೂ ಕತ್ತರಿಸುವುದಿಲ್ಲವಂತೆ.

"ಇವಳ ಮಾತು ಕೇಳಿದ್ರೆ ಕಂಪನಿ ಬಾಗಿಲು ಹಾಕ್ಬೇಕಾಗುತ್ತೆ" ಎಂದು ನಗುತ್ತ ಒಳಬಂದವನೇ ಖಾಯ್. ಇಸ್ತ್ರಿ ಮಾಡಿದ ಅಂಗಿ, ತೋಳಿನಲ್ಲಿ ಚರ್ಮದ ಚೀಲ. "ಒಳ್ಳೆ ದಿನ ಕೆಟ್ಟ ದಿನ ಎಲ್ಲಾ ಅಜ್ಜಿ ಕಾಲದ್ದು. ನಾನು ವಿಜ್ಞಾನ ಓದ್ದೋನು ತಾಯಿ. ಅಂದ ಹಾಗೆ, ನಾಳೆ ನಾನಿರಲ್ಲ. ಹಾಳಾದ ಹೊಟ್ಟೆ, ಆಗಾಗ ಕೈ ಕೊಡುತ್ತೆ."

"ನಾಳೆ ಹೊಟ್ಟೆ ನೋಯುತ್ತೆ ಅಂತ ಇವತ್ತೇ ಗೊತ್ತಾಯ್ತಾ?" ಲಾಮ್ ಕೇಳಿಯೇಬಿಟ್ಟರು.

"ಡಾಕ್ಟ್ರಿಗೆ ತೋರಿಸ್ಬೇಕು ಮೇಷ್ಟ್ರೇ" ಎಂದು ಖಾಯ್ ಹಲ್ಲು ಕಿರಿದ.

ತುಯೆತ್ ಮೂರೇ ಮೂರು ಕಾಗದ ಕೇಳಿ ಪಡೆದರು: ಹದಿನೆಂಟು ರಸೀದಿಗಳ ತಾರೀಖು, ಸಿಬ್ಬಂದಿಯ ಹುಟ್ಟಿದ ದಿನದ ಪಟ್ಟಿ, ರಜೆ ಪುಸ್ತಕ. ಮಧ್ಯಾಹ್ನ ಓಣಿಯ ಮನೆಯಲ್ಲಿ ಅಕ್ಕಿ ನೂಡಲ್ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಓದಿ ಮೇಷ್ಟ್ರೇ" ಎಂದರು.

"ಮೇ ಐದು, ಒಂಬತ್ತು, ಹದಿನೇಳು, ಇಪ್ಪತ್ತೊಂಬತ್ತು. ಜೂನ್ ಆರು..."

"ನಡುವೆ ಎಷ್ಟೆಷ್ಟು ದಿನ?"

"ನಾಲ್ಕು, ಎಂಟು, ಹನ್ನೆರಡು, ಎಂಟು." ಲಾಮ್ ಬೆರಳು ಮಡಚುತ್ತ ಕಡೆಯ ರಸೀದಿಯವರೆಗೂ ಹೋದರು. ಎಲ್ಲವೂ ನಾಲ್ಕರ ಲೆಕ್ಕಕ್ಕೇ ಕೂರುತ್ತಿದ್ದವು. "ಬೇರೆ ವ್ಯಾಪಾರಿಗಳ ರಸೀದಿ?"

"ನೋಡಿದೆ. ಕಂಪನಿಯಲ್ಲೇ ತಿರುವಿ ಹಾಕ್ದೆ, ಅವು ಚೆಲ್ಲಾಪಿಲ್ಲಿ. ಮರ ಒಣಗಿದ ದಿನ ಲಾರಿ ಬರುತ್ತೆ, ಲಾರಿ ಬಂದ ದಿನ ರಸೀದಿ ಬರೀತಾರೆ. ಈಗ ಖಾಯ್‌ನ ಹೊಟ್ಟೆನೋವು ಓದಿ."

"ಮೇ ಹನ್ನೊಂದು, ಇಪ್ಪತ್ಮೂರು. ಜೂನ್ ಹದಿನಾರು, ಇಪ್ಪತ್ತೆಂಟು. ಜುಲೈ ಹತ್ತು." ಲಾಮ್ ಮತ್ತೆ ಎಣಿಸಿದರು. ಹನ್ನೆರಡು, ಇಪ್ಪತ್ನಾಲ್ಕು, ಹನ್ನೆರಡು, ಹನ್ನೆರಡು. ಅವರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಗೋಡೆಯ ಮೇಲಿನ ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ತುಯೆತ್ ತೆರೆದಿಟ್ಟಾಗ, ಹದಿನೆಂಟು ತಾರೀಖುಗಳೂ ಹುಲಿ, ಕುದುರೆ ಅಥವಾ ನಾಯಿಯ ದಿನಗಳೆಂದು ಕಂಡು ಮೇಷ್ಟ್ರು ಕುಣಿದಾಡುವುದೊಂದು ಬಾಕಿ. ಹುಲಿ, ನಾಯಿ ಕುದುರೆಯ ಗೆಳೆಯರೆಂಬುದು ಯಾರಿಗೆ ಗೊತ್ತಿಲ್ಲ! ಕುದುರೆ ವರ್ಷದಲ್ಲಿ ಹುಟ್ಟಿದವರು ಹೊಸ ಕೆಲಸಕ್ಕೆ ಕೈಹಾಕುವುದು ಈ ಮೂರು ದಿನಗಳಲ್ಲೇ.

ಅವರು ಹುಟ್ಟಿದ ದಿನದ ಪಟ್ಟಿಗೆ ಮುಗಿಬಿದ್ದರು. "ದಿಯೆಪ್ ಅರವತ್ತೈದು, ಹಾವು. ಓವಾನ್ ಎಂಬತ್ತೊಂದು, ಹುಂಜ. ಖಾಯ್ ಅರವತ್ತೇಳು, ಜನವರಿ ಇಪ್ಪತ್ತು, ಮೇಕೆ. ಪ್ರೂಯಿಟ್ ಐವತ್ತನಾಲ್ಕು, ಅಕ್ಟೋಬರ್... ಕುದುರೆ! ಅಕ್ಕಾ, ಸಿಕ್ಕಿಬಿದ್ದ! ನಾನ್ ಅವತ್ತೇ ಅಂದ್ಕೊಂಡೆ!"

"ಅವತ್ತಲ್ಲ, ಇವತ್ತು ಬೆಳಿಗ್ಗೆ ಅಂದ್ಕೊಂಡ್ರಿ" ಎಂದು ತುಯೆತ್ ತಣ್ಣಗಾಗಿದ್ದ ನೂಡಲ್ ಹತ್ತಿರಕ್ಕೆಳೆದುಕೊಂಡರು. "ಪಟ್ಟಿ ಇನ್ನೊಂದ್ಸಲ ಓದ್ಕೊಳ್ಳಿ. ನಾಳೆ ನಿಮಗೊಂದು ಕೆಲಸ ಇದೆ."

ಬುಧವಾರ ಬೆಳಿಗ್ಗೆ ತುಯೆತ್ ಕಂಪನಿಯ ಕಚೇರಿಗೆ ಹೋಗಿ, ಆ ಇಲ್ಲದ ವ್ಯಾಪಾರಿಯ ಮೊಹರು ಹುಡುಕಲು ಗುರುವಾರ ಮಧ್ಯಾಹ್ನ ಪೊಲೀಸರು ಎಲ್ಲರ ಮನೆ ಶೋಧಿಸುತ್ತಾರೆಂದು ಸಾರಿ ಬಂದರು. ರಜೆಯಲ್ಲಿದ್ದ ಖಾಯ್‌ಗೂ ಓವಾನ್ ಫೋನಿನಲ್ಲಿ ತಿಳಿಸಿದಳು. ಲಾಮ್ ಮೇಷ್ಟ್ರು ಇಡೀ ಹಗಲು ಖಾಯ್ ಮನೆಯೆದುರಿನ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಕೂತರು. ಏಳು ಲೋಟ ಕುಡಿದರು. ಖಾಯ್ ಹೊರಗೆ ಬರಲಿಲ್ಲ, ಡಾಕ್ಟರ ಬಳಿಗೂ ಹೋಗಲಿಲ್ಲ. ಕದ ಕೂಡ ತೆರೆಯಲಿಲ್ಲ. ಅತ್ತ ಅಮೆರಿಕನ್ ಈಜಲು ಹೋಗಿ ಬಂದನಂತೆ, ಓವಾನ್ ಪೇಟೆ ಸುತ್ತಿದಳಂತೆ. ಕಳ್ಳರೆಲ್ಲ ಹೊರಗೆ ಅಡ್ಡಾಡುವಾಗ ತಾನು ಇಲ್ಲಿ ಹೊಟ್ಟೆನೋವಿನವನನ್ನು ಕಾಯುತ್ತಿದ್ದೇನೆಂದು ಮೇಷ್ಟ್ರಿಗೆ ನಿಜಕ್ಕೂ ಸಿಟ್ಟು ಬಂತು.

ಸಂಜೆ ತುಯೆತ್ ಇನ್ನೂ ವಿಚಿತ್ರವಾದ ಅಪ್ಪಣೆ ಕೊಟ್ಟರು. "ನಾಳೆ ಬೆಳಿಗ್ಗೆ ಆರಕ್ಕೇ ಅವನ ಮನೆ ಬಾಗಿಲಲ್ಲಿರಿ. ಗಾಡಿ ಪಂಕ್ಚರ್ ಅನ್ನಿ, ಅವನ ಬೈಕ್ ಹಿಂದೆ ಹತ್ತಿ. ಕಂಪನಿ ಗೇಟು ಬರೋವರ್ಗೂ, ದೇವರೇ ಬಂದು ಕರೆದ್ರೂ ಇಳೀಬೇಡಿ."

ಲಾಮ್ ಹಾಗೆಯೇ ಮಾಡಿದರು. ಸೇತುವೆಯ ಹತ್ತಿರ ಖಾಯ್ ಬೈಕ್ ನಿಲ್ಲಿಸಿ, "ಮೇಷ್ಟ್ರೇ, ಇಲ್ಲಿಂದ ಬಾಡಿಗೆ ಬೈಕ್ ಸಿಗುತ್ತೆ. ನನಗೆ ಸ್ವಲ್ಪ ಕೆಲಸ ಇದೆ" ಎಂದ.

"ನನಗೇನೂ ಅವಸರ ಇಲ್ಲಪ್ಪ. ನೀನು ಕೆಲಸ ಮುಗ್ಸು, ನಾನು ಇಲ್ಲೇ ಕೂತಿರ್ತೀನಿ."

ಖಾಯ್ ಒಮ್ಮೆ ನದಿಯತ್ತ ನೋಡಿದ, ಒಮ್ಮೆ ಮೇಷ್ಟ್ರತ್ತ. ಮತ್ತೆ ಗಾಡಿ ಓಡಿಸಿದ.

ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ತುಯೆತ್ ಕರೆಸಿದ್ದ, ಪೊಲೀಸ್ ಆರ್ಥಿಕ ಅಪರಾಧ ವಿಭಾಗದ ಕ್ಯಾಪ್ಟನ್ ಮೂಲೆಯಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತಿದ್ದ. ದಿಯೆಪ್ ಗೋಡೆಗೊರಗಿ ನಿಂತಿದ್ದಳು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ತುಯೆತ್ ಶುರುಮಾಡಿದರು. "ಈ ಹದಿನೆಂಟು ರಸೀದಿ ಬರ್ದಿದ್ದು ಮರದ ವ್ಯಾಪಾರಿ ಅಲ್ಲ. ಪುರುಸೊತ್ತಾಗಿ ಕೂತು, ಕ್ಯಾಲೆಂಡರ್ ನೋಡಿ, ಒಳ್ಳೆ ದಿನ ಆರಿಸ್ಕೊಂಡು ಬರ್ದಿದಾರೆ. ಸುಳ್ಳು ಕಾಗದ, ಸಿಕ್ಕಿಬಿದ್ರೆ ಜೈಲು. ಹೆದರಿಕೆ ಇರೋ ಕಡೆ ಒಳ್ಳೆ ದಿನ ಹುಡುಕೋದು ನಮ್ಮ ಜನರ ರೂಢಿ. ಎಲ್ಲಾ ದಿನಾನೂ ಕುದುರೆಯವರಿಗೆ ಒಳ್ಳೇದು. ದಿಯೆಪ್ ಹಾವು, ಸಾಲದ್ದಕ್ಕೆ ಚರ್ಚಿಗೆ ಹೋಗೋಳು. ಓವಾನ್ ಹುಂಜ, ಅವಳಾಗಿದ್ರೆ ತನ್ನ ದಿನಗಳನ್ನೇ ಆರಿಸ್ಕೊಳ್ತಿದ್ಲು."

"ಪ್ರೂಯಿಟ್ ಸಾಹೇಬ್ರು ಕುದುರೆ" ಎಂದರು ಲಾಮ್, ತಡೆಯಲಾರದೆ.

"ನಾನು ಕುದುರೇನಾ?" ಪ್ರೂಯಿಟ್ ಕಣ್ಣರಳಿಸಿದ.

"ನೋಡಿದ್ರಾ? ತಾನು ಯಾವ ಪ್ರಾಣಿ ಅಂತ್ಲೇ ಗೊತ್ತಿಲ್ದೋನು ದಿನ ಹೇಗ್ ಆರಿಸ್ತಾನೆ? ಪಟ್ಟಿಯಲ್ಲಿ ಇನ್ನೊಂದು ಕುದುರೆ ಇದೆ ಮೇಷ್ಟ್ರೇ. ಖಾಯ್ ಹುಟ್ಟಿದ್ದು ಅರವತ್ತೇಳರ ಜನವರಿ ಇಪ್ಪತ್ತಕ್ಕೆ. ಆ ವರ್ಷ ನಮ್ಮ ಹೊಸ ವರ್ಷ ಬಂದಿದ್ದು ಫೆಬ್ರವರಿ ಒಂಬತ್ತಕ್ಕೆ. ಅಂದ್ರೆ ಅವನು ಹುಟ್ದಾಗ ಇನ್ನೂ ಹಿಂದಿನ ವರ್ಷ ನಡೀತಿತ್ತು. ಕುದುರೆ ವರ್ಷ."

ಭೂಗೋಳದ ಮೇಷ್ಟ್ರು ತಲೆ ತಗ್ಗಿಸಿದರು. ಖಾಯ್ ಗಟ್ಟಿಯಾಗಿ ನಕ್ಕ. "ಹುಟ್ಟಿದ ತಿಂಗಳು ನೋಡಿ ಜೈಲಿಗೆ ಹಾಕ್ತಾರಾ? ಆ ವ್ಯಾಪಾರೀನೇ ಕುದುರೆ ಇರ್ಬಹುದಲ್ಲ!"

"ಇರ್ಬಹುದಿತ್ತು. ಅದಕ್ಕೇ ನಿನ್ನ ಹೊಟ್ಟೆನೋವು ನೋಡ್ದೆ. ಮೇ ತಿಂಗಳಿಂದ ಐದು ರಜ, ಐದೂ ಇಲಿಯ ದಿನ. ಇಲಿ ಕುದುರೆಗೆ ವೈರಿ. ಅವತ್ತು ನೀನು ಮನೆ ಹೊಸಿಲು ದಾಟಲ್ಲ. ಓವಾನ್‌ನ ಆಡ್ಕೊಂಡು ನಗೋ ವಿಜ್ಞಾನದ ಮನುಷ್ಯ ನೀನು. ನಿನ್ನೆಯೂ ಇಲಿಯ ದಿನ. ಪೊಲೀಸ್ರು ಬರ್ತಾರೆ ಅಂತ ಬೆಳಿಗ್ಗೆನೇ ಗೊತ್ತಾಯ್ತು, ನದಿ ನಿನ್ನ ಮನೆಯಿಂದ ನೂರು ಹೆಜ್ಜೆ. ಬೇರೆ ಯಾರೇ ಆಗಿದ್ರೂ ಮೊಹರನ್ನ ನಿನ್ನೆನೇ ಮುಳುಗಿಸ್ತಿದ್ರು. ನೀನು ಇವತ್ತಿಗೆ ಇಟ್ಕೊಂಡೆ. ಇವತ್ತು ಮೇಷ್ಟ್ರು ನಿನ್ನ ಬೆನ್ನಿಂದ ಇಳೀಲಿಲ್ಲ." ತುಯೆತ್ ಕೈಚಾಚಿದರು. "ಚೀಲ ಕೊಡಪ್ಪ."

ಖಾಯ್ ಚೀಲವನ್ನು ಎದೆಗವಚಿಕೊಂಡ. ಕ್ಯಾಪ್ಟನ್ ಎದ್ದು ಬಂದು ಕಿತ್ತುಕೊಂಡ. ಊಟದ ಡಬ್ಬಿಯ ಕೆಳಗೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ದುಂಡನೆಯ ಮೊಹರು ಇತ್ತು. ಬಾತುಕೋಳಿ ಕೊಳದ ವ್ಯಾಪಾರಿಯ ಹೆಸರು ಅದರ ಸುತ್ತ ತಿರುವುಮುರುವಾಗಿ ಕೆತ್ತಲಾಗಿತ್ತು. ರಸೀದಿ ಇಲ್ಲದ ಸಣ್ಣ ಸಾಮಿಲ್ಲಿನವರಿಂದ ಅಗ್ಗಕ್ಕೆ ಮರ ತಂದು, ಕಂಪನಿ ಕೊಟ್ಟ ಹೆಚ್ಚಿನ ಬೆಲೆ ಮತ್ತು ತೆರಿಗೆ ಎರಡನ್ನೂ ಅವನು ಜೇಬಿಗಿಳಿಸಿದ್ದ.

"ನಿನ್ನೆ ಹೊರಗೆ ಹೋಗಿದ್ರೆ ಕೆಡುಕಾಗ್ತಿತ್ತು" ಎಂದು ಅವನು ಯಾರಿಗೋ ಎಂಬಂತೆ ಹೇಳಿದ. ಓವಾನ್ ಒಬ್ಬಳೇ ಅವನನ್ನು ಕನಿಕರದಿಂದ ನೋಡಿದಳು.

ಅವನನ್ನು ಕರೆದೊಯ್ದ ಮೇಲೆ ದಿಯೆಪ್ ತುಯೆತ್ ಅವರ ಎರಡೂ ಕೈ ಹಿಡಿದು ಅತ್ತಳು. ಸೋಮವಾರದಿಂದ ತಡೆದಿಟ್ಟದ್ದೆಲ್ಲ ಹರಿಯಿತು. ಅವಳನ್ನು ಅನುಮಾನಿಸಿದ್ದಕ್ಕೆ ಲಾಮ್‌ಗೆ ನಾಚಿಕೆಯಾಯಿತು. ತುಯೆತ್ ಅವಳು ಅಳು ಮುಗಿಸುವವರೆಗೂ ಕಾದರು.

"ನೀನು ಕದ್ದಿಲ್ಲ ಮಗಳೇ. ಆದ್ರೆ ಹದಿನೆಂಟು ಸಲ ಸಹಿ ಹಾಕ್ದೆ. ಆ ಕೊಳ ಇಲ್ಲಿಂದ ಮೂರು ಕಿಲೋಮೀಟರು. ಒಂದು ಸಲನಾದ್ರೂ ಹೋಗಿ ನೋಡಿದ್ಯಾ?"

ದಿಯೆಪ್ ಕೈ ಬಿಡಿಸಿಕೊಂಡು, ಕಣ್ಣೊರೆಸಿಕೊಂಡು ತನ್ನ ಮೇಜಿಗೆ ಹೋದಳು.

ಭಾನುವಾರ ಅವಳು ಹಾಡಲು ನಿಂತಾಗ ಪಕ್ಕದವರು ಸರಿಯಲಿಲ್ಲವಂತೆ. ಸೋಮವಾರ ಲಾಮ್ ಮೇಷ್ಟ್ರು ಮರೆತುಬಂದಿದ್ದ ಕೊಡೆ ತರಲು ಕಂಪನಿಗೆ ಹೋದರು. ಪ್ರೂಯಿಟ್ ಗೇಟಿನಲ್ಲಿ ಕೆಂಪು ರಸೀದಿಯೊಂದನ್ನು ಬೀಸುತ್ತ, "ದಿಯೆಪ್, ಒಂದೇ ಒಂದು ಸಹಿ! ಅರ್ಜಿ ತಡ ಆಗುತ್ತೆ!" ಎಂದು ಕೂಗುತ್ತಿದ್ದ.

ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಚಾಲೂ ಮಾಡಿದ್ದ ದಿಯೆಪ್ ರಸೀದಿ ಇಸಿದುಕೊಂಡು ವಿಳಾಸ ಓದಿದಳು.

"ಇಪ್ಪತ್ತೆರಡು ಕಿಲೋಮೀಟರು ಸಾರ್. ಮಧ್ಯಾಹ್ನದೊಳಗೆ ಬರ್ತೀನಿ. ಅಂಗಡಿ ಅಲ್ಲಿದ್ರೆ ಸಹಿ ಹಾಕ್ತೀನಿ."